ವಿಡಿಯೋ ಸಂಪಾದನೆಯೂ ಮೂಲಪ್ರತಿಯ ರಕ್ಷಣೆಯೂ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, 'ದೇವಾನಾಂಪ್ರಿಯ'ನೆಂಬವನು ಅವನೇ ಎಂಬುದು ದೃಢಪಟ್ಟಿತು. ಸವೆದ ಆ ಕಲ್ಲನ್ನು ಅಂದವಾಗಿ ಕಾಣಲೆಂದು ಯಾರಾದರೂ ಹಿಂದೆಯೇ ಉಜ್ಜಿ ನಯಗೊಳಿಸಿದ್ದರೆ ಇತಿಹಾಸಕ್ಕೆ ಎಂತಹ ಹಾನಿಯಾಗುತ್ತಿತ್ತು! ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ತಿದ್ದುಪಡಿ ನಡೆಸಬೇಕೆಂಬುದು ಸಂಪಾದನೆಯ ಪ್ರಥಮ ಸೂತ್ರ. ಓಲೆಗರಿಗೆ ಸಲ್ಲುವ ಈ ಸೂತ್ರವು ವಿಡಿಯೋ ಟೇಪಿಗೂ ಸಲ್ಲುತ್ತದೆ.

ದೂರದರ್ಶನವು ಈ ಜಿಲ್ಲೆಗೆ ನಿನ್ನೆ ಮೊನ್ನೆ ಬಂದುದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದಾಗ, ಕರ್ನಾಟಕದಿಂದ ರಾಯಚೂರು ಮತ್ತು ಅಂದಿನ ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಅಂದು ಆ ಹಳ್ಳಿಗರು ಕಂಡ ಚಿತ್ರವೂ, ಮುಂದೆ ವಿ.ಎಚ್.ಎಸ್. ಟೇಪುಗಳಲ್ಲಿ ಮುದ್ರಿತವಾದ ಚಿತ್ರವೂ ಒಂದೇ ಕ್ರಮದಲ್ಲಿ ಹೆಣೆಯಲ್ಪಟ್ಟವು.

ಆ ಹೆಣಿಗೆಯೇ 'ಇಂಟರ್‌ಲೇಸಿಂಗ್'. ಒಂದು ಚಿತ್ರದ 625 ಗೆರೆಗಳನ್ನು ಒಮ್ಮೆಗೇ ಬರೆಯದೆ, ಒಂದು ಸಲ ಬೆಸ ಗೆರೆಗಳನ್ನೂ ಮರುಸಲ ಸಮ ಗೆರೆಗಳನ್ನೂ ಬರೆಯಲಾಗುತ್ತಿತ್ತು. ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳು ಕೂಡಿ 25 ಪೂರ್ಣಚಿತ್ರಗಳಾಗುತ್ತಿದ್ದವು. ಪ್ರಸಾರದ ಹೊರೆಯನ್ನು ಹೆಚ್ಚಿಸದೆ ಚಿತ್ರದ ಮಿನುಗಾಟವನ್ನು ತಗ್ಗಿಸಿದ ಜಾಣ್ಮೆಯಿದು. ಆದರೆ ಎರಡು ಅರ್ಧಗಳೂ ಒಂದೇ ಕ್ಷಣದವಲ್ಲ. ಆದಕಾರಣ ಇಂದಿನ ಕಂಪ್ಯೂಟರ್ ಪರದೆಯು ಅವೆರಡನ್ನೂ ಒಟ್ಟಿಗೆ ತೋರಿದಾಗ, ಓಡುವ ಬಾಲಕನ ಅಂಚುಗಳು ಬಾಚಣಿಗೆಯ ಹಲ್ಲುಗಳಂತೆ ಸೀಳಿ ಕಾಣುತ್ತವೆ. ಅನೇಕರು ಇದನ್ನು ಟೇಪಿನ ದೋಷವೆಂದೇ ಭ್ರಮಿಸುತ್ತಾರೆ.

ಈ ಭ್ರಮೆಯೇ ಹಾನಿಗೆ ಮೂಲ. ರಾಯಚೂರು, ದೇವದುರ್ಗ, ಮಾನ್ವಿಗಳ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಹಳೆಯ ವಾರ್ಷಿಕೋತ್ಸವಗಳ, ಅಗಲಿದ ಗುರುಗಳ ಭಾಷಣಗಳ ಟೇಪುಗಳು ಉಳಿದಿದ್ದರೆ, ಅವು ಈ ಬಿಸಿಲ ನಾಡಿನ ತಾಪದಲ್ಲಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿರುತ್ತವೆ. ಅವನ್ನು ನಡೆಸುವ ಯಂತ್ರಗಳ ತಯಾರಿಕೆಯೂ 2016ರಲ್ಲಿ ನಿಂತುಹೋಯಿತು. ಅವಸರದಲ್ಲಿ ಪ್ರತಿ ಮಾಡುವವರು ಅರ್ಧ ಗೆರೆಗಳನ್ನು ತೊಡೆದುಹಾಕುತ್ತಾರೆ; ಇಲ್ಲವೇ ಹೆಣಿಗೆಯನ್ನು ಬಿಡಿಸುವ ಮೊದಲೇ ಚಿತ್ರದ ಗಾತ್ರವನ್ನು ಬದಲಿಸುತ್ತಾರೆ. ಹಾಗೆ ಬೆರೆತುಹೋದ ಗೆರೆಗಳನ್ನು ಮತ್ತೆ ಬೇರ್ಪಡಿಸುವುದು ಅಸಾಧ್ಯಪ್ರಾಯ. ಆ ಬಳಿಕ ಟೇಪನ್ನೂ ಎಸೆದರೆ ನಷ್ಟವು ಶಾಶ್ವತ.

ಸರಿಯಾದ ಮಾರ್ಗವು ಕಠಿನವೇನಲ್ಲ. ಟೇಪಿನಲ್ಲಿ ಇದ್ದಂತೆಯೇ, ಎರಡೂ ಅರ್ಧಗಳ ಸಹಿತ, ಒಂದು ಮೂಲಪ್ರತಿಯನ್ನು ಇಳಿಸಿ ಎರಡು ಕಡೆ ಭದ್ರವಾಗಿ ಇಡಬೇಕು. ಪರದೆಗೆ ಬೇಕಾದುದನ್ನು ಅದರ ಪ್ರತಿಯಿಂದ ಸಿದ್ಧಪಡಿಸಬೇಕು. 50 ಅರ್ಧಗಳಿಂದ 50 ಪೂರ್ಣಚಿತ್ರಗಳನ್ನು ರಚಿಸಿದರೆ ಚಲನೆಯ ಸಹಜತೆ ಉಳಿಯುತ್ತದೆ. ಯಾವ ಅರ್ಧವು ಮೊದಲನೆಯದೆಂಬುದನ್ನೂ ಅರಿಯಬೇಕು. ಕ್ರಮ ತಪ್ಪಿದರೆ ನಡೆಯುವವನು ಮುಂದಕ್ಕೂ ಹಿಂದಕ್ಕೂ ತುಯ್ದಾಡುತ್ತಾನೆ. ಕೆಡೆನ್‌ಲೈವ್, ಎಫ್‌ಎಫ್‌ಎಂಪೆಗ್ ಮೊದಲಾದ ತಂತ್ರಾಂಶಗಳು ಇದಕ್ಕಾಗಿ ಉಚಿತವಾಗಿಯೇ ದೊರೆಯುತ್ತವೆ.

ಆದರೆ ಗುಂಡಿ ಒತ್ತುವುದಷ್ಟೇ ವಿದ್ಯೆಯಾಗದು. ಛಂದಸ್ಸನ್ನು ಅರಿಯದೆ ಪದ್ಯವನ್ನು ತಿದ್ದುವವನು ಅದನ್ನು ಕೆಡಿಸುವಂತೆ, ಹೆಣಿಗೆಯನ್ನು ಅರಿಯದೆ ತಂತ್ರಾಂಶವನ್ನು ಹಿಡಿದವನು ಚಿತ್ರವನ್ನು ಕೆಡಿಸುತ್ತಾನೆ. ಪ್ರೌಢಶಾಲೆಯ ವಿದ್ಯಾರ್ಥಿಗೆ ಮೊದಲು ತತ್ತ್ವವನ್ನೂ ಅನಂತರ ಪ್ರಯೋಗವನ್ನೂ ಕಲಿಸಿದರೆ, ಅವನ ಕೈಯಿಂದಲೇ ಊರಿನ ನೆನಪು ಉಳಿದೀತು.

ದಾನಿಗಳು ಕಟ್ಟಡಕ್ಕೆ ಕೊಡುವ ಧನದಲ್ಲಿ ಅಲ್ಪಾಂಶವು ಇದಕ್ಕೆ ಸಂದರೆ ಸಾಕು. ಹಳೆಯ ವಿದ್ಯಾರ್ಥಿಗಳು ತಮ್ಮ ಪೆಟ್ಟಿಗೆಗಳಲ್ಲಿರುವ ಟೇಪುಗಳನ್ನು ಹೊರತೆಗೆಯಲಿ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಅಳಿದ ಗುರುವಿನ ದನಿಯನ್ನು ಮತ್ತೆ ಮುದ್ರಿಸಲಾಗದು.