ಹೋದ ಸಲದ್ದೇ ಕೊಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಿಸಿಲು, ಧೂಳು ನಮಗೆ ಹೊಸದಲ್ಲ. ಕಣ್ಣು ಕೆಂಪಾದರೆ ಔಷಧಿ ಅಂಗಡಿಗೆ ಮಗುವನ್ನು ಓಡಿಸಿ ‘ಹೋದ ಸಲದ್ದೇ ಕೊಡಿ’ ಎನ್ನುತ್ತೇವೆ. ಬಿಎ, ಬಿಎಡ್ ಓದಿದ ನಾನೂ ಅಮ್ಮನಿಗೆ ಹಾಗೇ ತರಿಸಿ, ಎರಡು ವರ್ಷ ನನ್ನ ಕೈಯಾರೆ ಹನಿ ಬಿಟ್ಟೆ. ಉರಿ ಹೋಯಿತು. ಪಕ್ಕದ ನೋಟವೂ ಹೋಯಿತು.

ಸೀಸೆಯಲ್ಲಿದ್ದದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಅದು ಕೆಂಪು ಇಳಿಸುತ್ತದೆ, ನಿಜ. ಆದರೆ ವಾರಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣೊಳಗಿನ ಒತ್ತಡ ಏರುತ್ತದೆ. ಅಮೆರಿಕದ ಆರ್ಮಲಿ, ಬೆಕರ್ ಎಂಬ ವೈದ್ಯರು 1960ರ ದಶಕದಲ್ಲೇ ಇದನ್ನು ಸಂಶೋಧಿಸಿ ತೋರಿಸಿದ್ದರು. ಒತ್ತಡದಿಂದ ನರ ಸವೆದರೆ ಗ್ಲಾಕೋಮ. ಟಿಮೊಲಾಲ್‌ನಂಥ ಹನಿ ಉಳಿದ ನೋಟವನ್ನು ಕಾಯಬಹುದು, ಹೋದದ್ದನ್ನು ತರಲಾರದು.

‘ಹೆಂಗಸರಿಗೆ ತಿಳಿವಳಿಕೆ ಇಲ್ಲ’ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಇಂಥ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಹೇಳುತ್ತದೆ. ತಿಳಿಯದೆ ಕೇಳಿದವಳು ದಡ್ಡಿಯಾದರೆ, ತಿಳಿದೂ ಕೊಟ್ಟವನು ಏನು?

ಅವನು ಬದಲಾಗಲೆಂದು ಕಾಯುತ್ತ ಕೂರುವುದು ಬೇಡ. ಪಾವಗಡದಲ್ಲೇ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ಕಡಲೆಕಾಯಿ ಬಿಡಿಸುವ ಕೆಲಸ ಒಂದು ದಿನ ನಿಂತೀತು. ಒಮ್ಮೆ ಕಣ್ಣಿನ ಒತ್ತಡ ಅಳೆಸಿಕೊಳ್ಳಿ. ಅಂಗಡಿಯಲ್ಲಿ ಮಾತ್ರ ಗಟ್ಟಿಯಾಗಿ ಕೇಳಿ: ‘ಇದು ಸ್ಟೀರಾಯ್ಡೇನಪ್ಪ?’ ನಾನು ಕೇಳಲಿಲ್ಲ.