ಎರಿ ರಾಡಿಗೆ ಆ ಡಬ್ಬಿ ಸಾಲದು

‘ಹಳೇ ಸ್ಕಾರ್ಪಿಯೋಗೆ ಹೊರಗಿಂದ ಟ್ರ್ಯಾಕ್ಷನ್ ಕಂಟ್ರೋಲ್ ಹಾಕಿಸಬಹುದೇನ್ರಿ?’ ಮಳೆಗಾಲ ಬಂದ್ರೆ ದೇವದುರ್ಗ, ಮಾನ್ವಿ ಕಡೆಯ ಗೆಳೆಯರು ಕೇಳ್ತಾರೆ. ಹಿಂದಿನ ಚಕ್ರ ಓಡಿಸುವ ಗಾಡಿ, ಕೆಳಗೆ ಎರಿ ಮಣ್ಣಿನ ರಾಡಿ. ಭಯ ಸಹಜವೇ.

ಕಂಪನಿಯಿಂದಲೇ ಬರುವ ವ್ಯವಸ್ಥೆ ಎಬಿಎಸ್ ಸೆನ್ಸರ್‌ಗಳಿಂದ ಚಕ್ರಗಳ ವೇಗ ಓದುತ್ತದೆ. ಜಾರುವ ಚಕ್ರಕ್ಕಷ್ಟೇ ಬ್ರೇಕ್ ಹಿಡಿಯುತ್ತದೆ, ಇಂಜಿನ್ ಶಕ್ತಿಯನ್ನೂ ಇಳಿಸುತ್ತದೆ. ಹೊರಗೆ ಸಿಗುವ ಡಬ್ಬಿಗಳಲ್ಲಿ ಬಹಳಷ್ಟು ರೇಸ್ ಟ್ರ್ಯಾಕಿನ ಪೆಟ್ರೋಲ್ ಕಾರಿಗೆ ಮಾಡಿದವು. ಸ್ಪಾರ್ಕ್ ತಡೆದು ಶಕ್ತಿ ತಗ್ಗಿಸುತ್ತವೆ. 400 ಎಚ್‌ಪಿ ಕಾರಿಗೆ ಅದು ಸರಿ. ನಮ್ಮ ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲವಲ್ಲ!

ಇನ್ನೊಂದು ಮಾತು. ರಾಡಿಯಲ್ಲಿ ಒಂದು ಚಕ್ರ ಸುಮ್ಮನೆ ತಿರುಗಿದ್ರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಡಿಫರೆನ್ಷಿಯಲ್ ಅಷ್ಟೇ ಬಲ ಕೊಡುತ್ತದೆ. ಶಕ್ತಿ ಇಳಿಸಿದ ಮಾತ್ರಕ್ಕೆ ಗಾಡಿ ಮೇಲೇಳಲ್ಲ. ಮಾನ್ವಿಯ ಭತ್ತದ ಗದ್ದೆಯ ಟ್ರ್ಯಾಕ್ಟರ್ ನೋಡ್ರಿ: ಡಿಫರೆನ್ಷಿಯಲ್ ಲಾಕ್ ಒತ್ತಿದ್ರೆ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ. ತಿರುಗಿಸುವ ಮುಂಚೆ ಅದನ್ನು ಬಿಡಲೇಬೇಕು.

ಡಬ್ಬಿಗಾಗಿ ಯಾರಾದ್ರೂ ಎಬಿಎಸ್ ವೈರ್ ಕತ್ತರಿಸ್ತೀನಿ ಅಂದ್ರೆ ಬೇಡ ಅನ್ರಿ. ತುರ್ತು ಬ್ರೇಕಿನಲ್ಲಿ ನಿಮ್ಮನ್ನು ಕಾಯೋದು ಅದೇ.

ದುಡ್ಡು ಮೊದಲು ಟೈರಿಗೆ ಹಾಕಿ. ಗೀರಿನ ಆಳ 1.6 ಮಿ.ಮೀ.ಗೆ ಇಳಿಯುವ ತನಕ ಕಾಯಬೇಡಿ. ಹೊಲದಿಂದ ಬಂದ ಟ್ರ್ಯಾಕ್ಟರುಗಳ ರಾಡಿ ರಾಯಚೂರು ರಸ್ತೆ ಮೇಲೂ ಬಿದ್ದಿರುತ್ತದೆ. ಅಲ್ಲಿ ವೇಗ ಇಳಿಸಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಹಿಂದಿನ ಸೀಟಿನಲ್ಲಿ ಮನೆಯವರು ಕೂತಿರ್ತಾರೆ.