ಮನದ ಬೇನೆಗೂ ಮದ್ದುಂಟು



ಕಾಲು ಮುರಿದವನನ್ನು ನೋಡಲು ಊರೆಲ್ಲ ಬರುತ್ತದೆ. ಜ್ವರ ಬಂದರೆ ನೆರೆಮನೆಯವರು ಗಂಜಿ ಕಾಸಿ ತರುತ್ತಾರೆ. ಆದರೆ ಮನಸ್ಸು ಮುರಿದವನಿಗೆ ಸಿಗುವುದೇನು? 'ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ' ಎಂಬ ಒಂದು ಮಾತು. 'ಇವನಿಗೆ ಭಕ್ತಿ ಸಾಲದು, ಅದಕ್ಕೇ ಹೀಗಾಯಿತು' ಎಂದು ಆಡಿಕೊಳ್ಳುವವರೂ ಉಂಟು. ನೊಂದವನ ಹೆಗಲಿಗೆ ಇದು ಎರಡನೆಯ ಹೊರೆ. ಭಕ್ತಿವಂತನಿಗೂ ಜ್ವರ ಬರುವಂತೆ ಭಕ್ತಿವಂತನ ಮನಸ್ಸೂ ಬಳಲುತ್ತದೆ. ಅದು ಪಾಪವಲ್ಲ, ನಾಚಿಕೆಯೂ ಅಲ್ಲ.

ನಮ್ಮ ಪರಂಪರೆಯಲ್ಲಿ ಗುರುವು ಮಂತ್ರವನ್ನು ಶಿಷ್ಯನ ಕಿವಿಯಲ್ಲಿ ಉಪದೇಶಿಸುತ್ತಾನೆ. ಇಷ್ಟಲಿಂಗವು ಅವರವರ ಅಂಗೈಯಲ್ಲಿ ಪೂಜೆಗೊಳ್ಳುತ್ತದೆ. ಒಬ್ಬೊಬ್ಬರ ಅಂತರಂಗವೂ ಬೇರೆ ಎಂಬ ಅರಿವು ಇದರ ಹಿಂದಿದೆ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಆಕೆಯ ಒಳಗಿನ ನಿಲುವನ್ನು ಆಕೆಯ ಬಾಯಿಂದಲೇ ಹೊರತಂದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಅದು ಅನುಭಾವದ ಮಾತು. ಇಂದಿನ ಮನೋಚಿಕಿತ್ಸೆಯೇ ಅದೆಂದು ನಾವು ಹೇಳುವುದಿಲ್ಲ. ಆದರೆ ಎದುರಿಗೆ ಕುಳಿತು ಕೇಳುವವರಿದ್ದರೆ ಒಳಗಿನದು ತಿಳಿಯಾಗುತ್ತದೆ ಎಂಬುದು ನಮಗೆ ಹೊಸ ಸಂಗತಿಯಲ್ಲ.

ಆಪ್ತಸಮಾಲೋಚನೆಯಲ್ಲಿ ನಡೆಯುವುದೂ ಇಂಥದೇ. ತರಬೇತಿ ಪಡೆದವರೊಬ್ಬರು ನೊಂದವರೊಬ್ಬರೊಡನೆ ಅರ್ಧ ಮುಕ್ಕಾಲು ಗಂಟೆ ಕುಳಿತು ಆಲಿಸುತ್ತಾರೆ. ಹೀಗೆ ಹಲವು ವಾರ ನಡೆಯುತ್ತದೆ. ಅಲ್ಲಿ ಬೈಗುಳವಿಲ್ಲ, ಉಪದೇಶದ ಸುರಿಮಳೆಯಿಲ್ಲ. ಬೆಳೆ ಹೋಗಿ ಸಾಲ ಉಳಿದ ರೈತನೊಬ್ಬ 'ನಾನು ಯಾತಕ್ಕೂ ಬಾರದವನು' ಎಂದುಕೊಂಡಿದ್ದಾನೆ ಎನ್ನಿ. ಹೋದದ್ದು ಬೆಳೆಯೋ, ಬಾಳೋ? ಮಳೆ ಬಾರದ್ದು ಯಾರ ತಪ್ಪು? ಹೀಗೆ ಒಂದೊಂದಾಗಿ ಕೇಳುತ್ತ, ಅವನ ಎಣಿಕೆಯನ್ನು ಅವನೇ ಪರೀಕ್ಷಿಸಿಕೊಳ್ಳುವಂತೆ ಮಾಡುತ್ತಾರೆ. ಹಾಸಿಗೆ ಹಿಡಿದವನನ್ನು ದಿನಕ್ಕೊಂದು ಸಣ್ಣ ಕೆಲಸಕ್ಕೆ ಹಚ್ಚುತ್ತಾರೆ. ಸಾಲ ಇದರಿಂದ ತೀರುವುದಿಲ್ಲ ನಿಜ. ಸಾಲವನ್ನು ಎದುರಿಸುವ ಮನುಷ್ಯ ಉಳಿಯುತ್ತಾನೆ. ಕಾಯಕವೇ ಮನಸ್ಸನ್ನು ಎತ್ತಿ ನಿಲ್ಲಿಸುತ್ತದೆಂದು ನಂಬಿದ ನಮಗೆ ಈ ಮಾತು ಬೇಗ ತಿಳಿಯಬೇಕು.

ಇದರಿಂದ ಗುಣವುಂಟೇ ಎಂದು ಹಿರಿಯರು ಕೇಳಬಹುದು. ನೆರೆಯ ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ ಸುಮಾರು 500 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತಾಡಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಭೇಟಿಗಳ ಈ ಕ್ರಮದಲ್ಲಿ ಮೂರು ತಿಂಗಳಿಗೆ ಖಿನ್ನತೆಯಿಂದ ಹೊರಬಂದವರು ನೂರಕ್ಕೆ 64. ಈ ಸಮಾಲೋಚನೆ ದೊರೆಯದವರಲ್ಲಿ 39. ಎಲ್ಲರಿಗೂ ಗುಣವಾಗಲಿಲ್ಲ, ಆದರೆ ಅಂತರ ಸಣ್ಣದಲ್ಲ.

'ಮನೆಯ ಮಾತು ಬೀದಿಗೆ ಬಂದೀತು, ಮಗಳ ಸಂಬಂಧ ತಪ್ಪೀತು' ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ದೊಡ್ಡದು. ರೋಗಿಯ ಗುಟ್ಟು ಕಾಯುವುದು ಸಮಾಲೋಚಕರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಅದನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಅಗಸೆ ಕಟ್ಟೆಯ ಮೇಲೆ ಹೇಳಿದ ಮಾತಿಗೆ ಆ ಕಾವಲಿಲ್ಲ.

ಇಲ್ಲದ ದನಿಗಳು ಕೇಳುವವರು, ನಿದ್ರೆ ಆಹಾರ ಬಿಟ್ಟವರು, ಸಾಯುವ ಮಾತಾಡುವವರು ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಅವರಲ್ಲಿ ಎಷ್ಟೋ ಮಂದಿಗೆ ಮಾತಿನೊಡನೆ ಮಾತ್ರೆಯೂ ಬೇಕಾಗುತ್ತದೆ. ಅಂಥವರನ್ನು ಅಮಾವಾಸ್ಯೆಗೆ ಅಮಾವಾಸ್ಯೆ ಊರೂರು ಸುತ್ತಿಸುವುದು ತರವಲ್ಲ. ಮಠಕ್ಕೆ ಬಂದವರಿಗೆ ವಿಭೂತಿ ಕೊಟ್ಟು ಹರಸುವುದು ಗುರುವಿನ ಧರ್ಮ. ಆಸ್ಪತ್ರೆಗೆ ಹೋಗಪ್ಪಾ ಎಂದು ಹೇಳುವುದೂ ಗುರುವಿನ ಧರ್ಮವೇ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ದೂರ ಹೋಗಬೇಕಾಗಿಯೂ ಇಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಿಂದ ಸರ್ಕಾರದ ಟೆಲಿ ಮನಸ್ ಇದೆ: 14416ಕ್ಕೆ ಹಗಲಿರುಳು ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡಬಹುದು.

ಮನೆಯ ಹಿರಿಯರಿಗೆ ನಮ್ಮದೊಂದು ಮಾತು. ಸೊಸೆ ಮಾತು ಬಿಟ್ಟು ಮೂಲೆ ಹಿಡಿದರೆ, ಮಗ ಹೊಲದಿಂದ ಬಂದು ಉಣ್ಣದೆ ಮಲಗಿದರೆ, ಯಾರ ಕಣ್ಣು ಬಿತ್ತೆಂದು ಹುಡುಕಬೇಡಿರಿ. ಪಕ್ಕದಲ್ಲಿ ಕುಳಿತು 'ಏನಾಯಿತವ್ವಾ', 'ಏನಾಯಿತಪ್ಪಾ' ಎಂದು ಕೇಳಿರಿ. ಬೇಕಾದರೆ ಜೊತೆಗೆ ಬಸ್ಸು ಹತ್ತಿ ಆಸ್ಪತ್ರೆಗೆ ಕರೆದೊಯ್ದು, ಅವರು ಒಳಗೆ ಮಾತಾಡಿ ಬರುವತನಕ ಹೊರಗಿನ ಬೆಂಚಿನ ಮೇಲೆ ಕಾಯಿರಿ. ಅದೂ ದಾಸೋಹವೇ.

ಎಲ್ಲರ ಮನಕ್ಕೂ ನೆಮ್ಮದಿ ಲಭಿಸಲೆಂದು ಹಾರೈಸುತ್ತೇವೆ. ಶುಭಾಶೀರ್ವಾದಗಳು.